ಬಾಂತಿನೆ ಕೊಂದ ಎಂಟನೆಯವನು

ಬೊಬೊರೆ: ನಿಮ್ಮಜ್ಜನ್ನ ನಮ್ಮಜ್ಜ ಕೊಂದಿಲ್ಲ ಕಣೇ. ನೂರು ಸಲ ಕೇಳು, ನೂರು ಸಲ ಇದೇ ಹೇಳ್ತೀನಿ.

ಮಾಂತೋನಿಯಾ: ಕೊಂದಿದ್ದಾನೆ. ಎದೆಗೆ ಗುರಿಯಿಟ್ಟು ಹೊಡೆದಿದ್ದಾನೆ. ಎಂಬತ್ತೇಳು ವರ್ಷದಿಂದ ಊರಿಗೆಲ್ಲ ಗೊತ್ತಿರೋ ವಿಷಯ. ನಿನಗೆ ಇವತ್ತು ಬೆಳಿಗ್ಗೆ ಎದ್ದಾಗ ಅನುಮಾನ ಬಂತಾ?

ಬೊಬೊರೆ: ನಮ್ಮಜ್ಜ ಕೊಂದೋರೆಲ್ಲ ಒಂದು ಘನತೆ ಇದ್ದೋರು. ಒಬ್ಬ ಜಮೀನ್ದಾರ, ಒಬ್ಬ ತೆರಿಗೆಯವನು, ಒಬ್ಬ ನ್ಯಾಯಾಧೀಶರ ಭಾವಮೈದ. ಅಂಥವರ ಸಾಲಲ್ಲಿ ಮೂರು ಮೇಕೆ ಇದ್ದ ಪ್ರೆದು ಸಾನ್ನಾನ ತಂದು ನಿಲ್ಲಿಸ್ತೀಯಲ್ಲ, ನಾಚಿಕೆ ಆಗಲ್ವಾ?

ಮಾಂತೋನಿಯಾ: ಐದು ಮೇಕೆ.

ಬೊಬೊರೆ: ಅದರಲ್ಲಿ ಎರಡು ಕದ್ದದ್ದು.

ಮಾಂತೋನಿಯಾ: ಕದ್ದದ್ದಕ್ಕೇ ನಿಮ್ಮಜ್ಜ ಹೊಡೆದದ್ದು. ನೋಡು, ಕಾರಣಾನೂ ನಿನ್ನ ಬಾಯಿಂದಲೇ ಬಂತು. ಗೊನಾರಿಯೊ, ಬರ್ಕೋ.

ನಾನು ಬರೆದುಕೊಳ್ಳಲಿಲ್ಲ. ಒರುಲ್ಲೆ ಊರಿನ ಪಂಚಾಯಿತಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತನಾಗಿದ್ದೇನೆ. ಸಾರ್ಡಿನಿಯಾದ ಈ ಗುಡ್ಡಗಾಡಿನಲ್ಲಿ ಸತ್ತವರ ವಿಷಯ ಬಂದಾಗ ಪೆನ್ನು ಜೇಬಿನಲ್ಲಿದ್ದರೇ ಕ್ಷೇಮ ಎಂದು ಮೊದಲ ವರ್ಷವೇ ಕಲಿತಿದ್ದೆ. ಆದರೆ ಅವತ್ತು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಪಂಚಾಯಿತಿಯ ಹೊರಗೋಡೆಯ ಮೇಲೆ ಪಟ್ಟಣದಿಂದ ಬಂದ ಚಿತ್ರಗಾರನೊಬ್ಬ ನಮ್ಮೂರಿನ ದರೋಡೆಕೋರ ಬಾಂತಿನೆ ಪುಜ್ಜೋನಿಯ ಚಿತ್ರ ಬರೆದು ಮುಗಿಸಿದ್ದ. ಕೆಳಗೆ ಅವನು ಕೊಂದವರ ಹೆಸರುಗಳು. ಏಳು ಬರೆದಾಗಿತ್ತು. ಎಂಟನೆಯದು ಪ್ರೆದು ಸಾನ್ನಾ. ಅದನ್ನು ಬರೆಯಲು ಕುಂಚ ಎತ್ತಿದಾಗ ಬಾಂತಿನೆಯ ಮೊಮ್ಮಗ ಬೊಬೊರೆ ಬಂದು ಏಣಿ ಹಿಡಿದುಕೊಂಡು ನಿಂತ. ಐದು ನಿಮಿಷದಲ್ಲಿ ಪ್ರೆದುವಿನ ಮೊಮ್ಮಗಳು ಮಾಂತೋನಿಯಾ ಓಡಿಬಂದಳು. ಅಧ್ಯಕ್ಷರು ಇಬ್ಬರ ಮುಖ ನೋಡಿ, ತಮಗೆ ಕುರಿ ಕಾಯುವ ಕೆಲಸವಿದೆ ಎಂದು ಗುಡ್ಡ ಹತ್ತಿದರು. ಚಿತ್ರಗಾರನ ಬಸ್ಸು ಮೂರು ಗಂಟೆಗೆ. ಅಷ್ಟರೊಳಗೆ ನಾನು ಇಬ್ಬರನ್ನೂ ಕಚೇರಿಯೊಳಗೆ ಕೂರಿಸಿ ತೀರ್ಮಾನ ಹೇಳಬೇಕಿತ್ತು.

ಬಾಂತಿನೆಯ ಬಗ್ಗೆ ನಾನೂ ಎರಡು ಮಾತು ಹೇಳಿಬಿಡುತ್ತೇನೆ, ಏಕೆಂದರೆ ಊರಿನಲ್ಲಿ ಯಾರೂ ಎರಡಕ್ಕೇ ನಿಲ್ಲಿಸುವುದಿಲ್ಲ. ಹದಿನೇಳು ವರ್ಷ ಅವನು ಪೊಲೀಸರ ಕೈಗೆ ಸಿಗದೆ ಗುಹೆಗಳಲ್ಲಿದ್ದ. ಕೊಲ್ಲುವ ಮುಂಚೆ ಆಸಾಮಿಗೆ ಹೇಳಿ ಕಳಿಸುತ್ತಿದ್ದನಂತೆ, ಸ್ನಾನ ಮಾಡಿ ಒಳ್ಳೆ ಬಟ್ಟೆ ಹಾಕಿಕೊಳ್ಳಲಿ ಎಂದು. ಒಂದು ನಾಮಕರಣಕ್ಕೆ ಕರೆಯದೆ ಹೋಗಿ, ಊಟ ಮಾಡಿ, ಮಗುವಿಗೆ ಮುತ್ತಿಟ್ಟು, ಮಗುವಿನ ದೊಡ್ಡಪ್ಪನಿಗೆ ಗುಂಡಿಟ್ಟು ಬಂದನಂತೆ. ಅವನ ಹೆಸರು ಹೇಳಿ ಮಕ್ಕಳನ್ನು ಮಲಗಿಸಿದ ತಾಯಂದಿರೇ ಅವನಿಗೆ ರೊಟ್ಟಿ ಕಟ್ಟಿಕೊಡುತ್ತಿದ್ದರು. ಗೋಡೆಯ ಮೇಲಿನ ಏಳು ಜನರಲ್ಲಿ ಎಷ್ಟು ಮಂದಿ ತಮ್ಮ ಹಾಸಿಗೆಯಲ್ಲೇ ಜ್ವರ ಬಂದು ಸತ್ತರು ಎಂಬುದು ನನಗೂ ಪಾದ್ರಿಗೂ ಗೊತ್ತು. ನಾವಿಬ್ಬರೂ ಅದನ್ನು ಎಲ್ಲೂ ಬಾಯಿಬಿಟ್ಟಿಲ್ಲ. ಕಾರಣ ಇಷ್ಟೆ. ಸತ್ತವರ ಹಬ್ಬದಂದು ಚರ್ಚಿನಲ್ಲಿ ಬಾಂತಿನೆಯ ಗುಂಡಿಗೆ ಬಲಿಯಾದವರ ಮನೆಯವರಿಗೆ ಮುಂದಿನ ಬೆಂಚು. ಹೊಟ್ಟೆನೋವಿನಿಂದ ಸತ್ತವರ ಮನೆಯವರಿಗೆ ಕಂಬದ ಹಿಂದೆ.

ಮಾಂತೋನಿಯಾ ಐವತ್ತು ವರ್ಷದಿಂದ ಮುಂದಿನ ಬೆಂಚಿನವಳು. ಹಾಗಾಗಿ ಅವಳು ಓಡಿಬಂದದ್ದು ಅರ್ಥವಾಯಿತು. ಬೊಬೊರೆಯ ವಿಷಯ ಬೇರೆ. ಅವನಿಗೆ ಬೆಂಚೂ ಬೇಡ, ಘನತೆಯೂ ಬೇಡ. ಐವತ್ತೆರಡು ವರ್ಷದ ಹಿಂದೆ ಅವನು ತನ್ನ ಸೋದರಮಾವನನ್ನು ಕರೆದುಕೊಂಡು ಹೋಗಿ ಮಾಂತೋನಿಯಾಳನ್ನು ಮದುವೆಯಾಗಲು ಕೇಳಿದ್ದ. ಎರಡು ಮನೆಗಳ ನಡುವೆ ರಕ್ತವಿದೆ, ಕೊಂದವನ ಮನೆಗೆ ಹೆಣ್ಣು ಕೊಡುವುದಿಲ್ಲ ಎಂದು ಅವಳ ಅಪ್ಪ ಹೇಳಿ ಕಳಿಸಿದ. ಅವಳು ಪಕ್ಕದೂರಿನಿಂದ ಬಂದು ಇಲ್ಲೇ ನೆಲೆಸಿದ ಇದ್ದಿಲು ವ್ಯಾಪಾರಿಯ ಹೆಂಡತಿಯಾದಳು. ಇವನು ಯಾರನ್ನೂ ಕಟ್ಟಿಕೊಳ್ಳಲಿಲ್ಲ. ಇದ್ದಿಲಿನವನು ಆರು ವರ್ಷದ ಹಿಂದೆ ತೀರಿಕೊಂಡ. ಅಂದಿನಿಂದ ಪ್ರತಿ ಭಾನುವಾರ ಬೊಬೊರೆ ಅವಳ ಬಾಗಿಲಲ್ಲಿ ಕುರಿಹಾಲಿನ ಬಿಸಿ ಗಿಣ್ಣು ಇಟ್ಟು ಬರುತ್ತಾನೆ. ಅವಳು ಪಾತ್ರೆ ತೊಳೆದು, ಒಳಗೆ ಎರಡು ಮೊಟ್ಟೆ ಇಟ್ಟು ಹಿಂದಕ್ಕೆ ಕಳಿಸುತ್ತಾಳೆ. ಮಾತಿಲ್ಲ, ಕತೆಯಿಲ್ಲ. ಈಗ ಆ ಹೆಸರು ಗೋಡೆಯ ಮೇಲೆ ಎಣ್ಣೆಬಣ್ಣದಲ್ಲಿ ಬಿದ್ದರೆ ಎರಡು ಮನೆಗಳ ನಡುವಿನ ರಕ್ತ ಇನ್ನು ಆರುವುದಿಲ್ಲ. ಎಪ್ಪತ್ತನಾಲ್ಕು ವರ್ಷದ ಮನುಷ್ಯ ಏಣಿ ಹಿಡಿದು ನಿಂತದ್ದು ಅದಕ್ಕೆ. ಇದು ಊರಿಗೆಲ್ಲ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಬೊಬೊರೆ ಕೋಟಿನೊಳಗಿಂದ ಚರ್ಚಿನ ಮರಣದ ಪುಸ್ತಕ ತೆಗೆದು ನನ್ನ ಮೇಜಿನ ಮೇಲಿಟ್ಟ. ನಾನು ಬೇರೆ ಪುಟಗಳು ತೆರೆದುಕೊಳ್ಳದ ಹಾಗೆ ಹೆಬ್ಬೆಟ್ಟು ಒತ್ತಿಟ್ಟುಕೊಂಡು ಸಾವಿರದ ಎಂಟುನೂರ ತೊಂಬತ್ತೊಂದರ ಸೆಪ್ಟೆಂಬರ್ ಹುಡುಕಿ ಓದಿದೆ. ಪ್ರೆದು ಸಾನ್ನಾ, ಮೂವತ್ತೊಂದು ವರ್ಷ, ಎರಡು ದಿನ ಹೊಟ್ಟೆ ಕಟ್ಟಿ ನರಳಿ, ಪಾದ್ರಿಯ ಆಶೀರ್ವಾದ ಪಡೆದು ತೀರಿಕೊಂಡ ಎಂದಿತ್ತು.

ಬೊಬೊರೆ: ಕೇಳಿಸಿತಾ? ಹೊಟ್ಟೆ ಕಟ್ಟಿ.

ಮಾಂತೋನಿಯಾ: ಹೊಟ್ಟೆಗೆ ಗುಂಡು ಬಿದ್ರೆ ಹೊಟ್ಟೆ ಕಟ್ಟದೆ ಇನ್ನೇನಾಗುತ್ತೆ?

ಬೊಬೊರೆ: ಈಗ ತಾನೇ ಎದೆ ಅಂದೆ.

ಮಾಂತೋನಿಯಾ: ಎದೆಗೇ ಗುರಿಯಿಟ್ಟ. ಹೊಟ್ಟೆಗೆ ಬಿತ್ತು. ನಿಮ್ಮಜ್ಜನ ಗುರಿ ಅಷ್ಟಕ್ಕಷ್ಟೆ ಅಂತ ಎಲ್ಲರೂ ಹೇಳ್ತಾರೆ.

ಬೊಬೊರೆ ಎದ್ದು ನಿಂತ. ತನ್ನ ಅಜ್ಜ ಇನ್ನೂರು ಹೆಜ್ಜೆ ದೂರದಿಂದ ಪೊಲೀಸನ ಬಾಯಲ್ಲಿದ್ದ ಚುಟ್ಟಾ ಹಾರಿಸಿದ್ದನ್ನು ಆ ಪೊಲೀಸನೇ ಬದುಕಿರುವ ತನಕ ಹೇಳಿಕೊಂಡು ತಿರುಗಿದ ಎಂದು ನನಗೆ ಹೇಳಿದ, ಗೋಡೆಗೆ ಹೇಳಿದ, ಕಿಟಕಿಯಲ್ಲಿ ತಲೆ ಹಾಕಿದ್ದ ಚಿತ್ರಗಾರನಿಗೂ ಹೇಳಿದ. ಚಿತ್ರಗಾರ ಗಡಿಯಾರ ತೋರಿಸಿದ. ಎರಡು ಗಂಟೆಯಾಗಿತ್ತು.

ಮಾಂತೋನಿಯಾ: ಆ ಕಾಲದ ಪಾದ್ರಿ ಬಾಂತಿನೆಗೆ ಹೆದರಿ ಹಾಗೆ ಬರೆದ. ಪುಸ್ತಕಕ್ಕೆ ಭಯ ಇರುತ್ತೆ, ಅಂಗಿಗೆ ಇರಲ್ಲ. ತಗೋ.

ಅವಳು ಶಾಲಿನಡಿಯಿಂದ ಒಂದು ಗಂಟು ತೆಗೆದಳು. ನಮ್ಮಲ್ಲಿ ಕೊಲೆಯಾದವನ ಅಂಗಿಯನ್ನು ಒಗೆಯುವುದಿಲ್ಲ. ರಕ್ತದ ಸಮೇತ ಪೆಟ್ಟಿಗೆಯಲ್ಲಿಟ್ಟು, ಮನೆಯ ಹೆಂಗಸರು ಆಣೆ ಹಾಕಬೇಕಾದಾಗ ಅದರ ಮೇಲೆ ಕೈಯಿಡುತ್ತಾರೆ. ಸಾನ್ನಾ ಮನೆಯ ಅಂಗಿಯ ಸುದ್ದಿ ಕೇಳಿದ್ದೆ, ಕಂಡಿದ್ದು ಅವತ್ತೇ. ಎದುರುಗಡೆ ತುಂಬ ಕಲೆ. ನಾನು ಎದ್ದು ನಿಂತು ಶಿಲುಬೆಯ ಗುರುತು ಮಾಡಿಕೊಂಡೆ. ಬೊಬೊರೆ ಕನ್ನಡಕ ಹಾಕಿಕೊಂಡ.

ಬೊಬೊರೆ: ತೂತು ಎಲ್ಲಿ?

ಮಾಂತೋನಿಯಾ: ಯಾವ ತೂತು?

ಬೊಬೊರೆ: ಗುಂಡು ಒಳಗೆ ಹೋಗೋಕೆ ಒಂದು ದಾರಿ ಬೇಡ್ವೇನೇ?

ಮಾಂತೋನಿಯಾ: ಸೆಕೆ ಇತ್ತು. ಅಂಗಿ ಬಿಚ್ಚಿ ಹೆಗಲ ಮೇಲೆ ಹಾಕ್ಕೊಂಡಿದ್ದ.

ಬೊಬೊರೆ: ಹೆಗಲ ಮೇಲಿದ್ದ ಅಂಗಿಗೆ ಹೊಟ್ಟೆ ಹತ್ರ ರಕ್ತ ಹೇಗೆ ಬಂತು?

ಮಾಂತೋನಿಯಾ: ಗುಂಡು ಬಿದ್ದ ಮೇಲೆ ಹಾಕ್ಕೊಂಡ. ಮಾನವಂತ. ಬರಿಮೈಯಲ್ಲಿ ಸಾಯೋ ಪೈಕಿ ಅಲ್ಲ ನಮ್ಮೋರು.

ಬೊಬೊರೆ ಅಂಗಿಯನ್ನು ಮೂಗಿನ ಹತ್ತಿರ ತಂದ, ದೂರ ಹಿಡಿದ, ಹೊಲಿಗೆಯ ಮಡಿಕೆಯಲ್ಲಿ ಉಗುರು ಹಾಕಿ ಏನನ್ನೋ ಕೆದಕಿದ. ಆಮೇಲೆ ನನ್ನ ಅಂಗೈ ಮೇಲೆ ಮೂರು ಕಪ್ಪು ಬೀಜ ಇಟ್ಟ. ನಮ್ಮೂರಿನಲ್ಲಿ ಆ ಬೀಜವನ್ನು ಯಾರಿಗೂ ಪರಿಚಯ ಮಾಡಿಕೊಡಬೇಕಿಲ್ಲ. ಪಾಪಾಸುಕಳ್ಳಿಯ ಹಣ್ಣಿನ ಬೀಜ. ಆ ಹಣ್ಣಿನ ರಸವೂ ಕೆಂಪು. ಹತ್ತು ತಿಂದರೆ ರುಚಿ, ಇಪ್ಪತ್ತು ತಿಂದರೆ ಹೊಟ್ಟೆ ಕಲ್ಲು. ಅದಕ್ಕಿಂತ ಹೆಚ್ಚು ತಿಂದವರ ಹೆಸರು ಚರ್ಚಿನ ಪುಸ್ತಕದಲ್ಲೇ ಸಿಗುತ್ತದೆ.

ನನಗೆ ನಗು ತಡೆಯಲಾಗಲಿಲ್ಲ. ಆದರೆ ಬೊಬೊರೆ ನಗಲಿಲ್ಲ. ಟೋಪಿ ತೆಗೆದು ಎದೆಗೊತ್ತಿಕೊಂಡ. ಅದನ್ನು ಕಂಡು ನನ್ನ ನಗು ನಿಂತಿತು.

ಬೊಬೊರೆ: ಮಾಂತೋನಿಯಾ, ನಮ್ಮ ಮನೆಗೂ ನಿಮ್ಮ ಮನೆಗೂ ನಡುವೆ ರಕ್ತ ಇಲ್ಲ. ಯಾವತ್ತೂ ಇರಲಿಲ್ಲ.

ಅವಳು ಅಂಗಿಯನ್ನು ನಾಲ್ಕು ಮಡಿಕೆ ಮಾಡಿದಳು. ಮತ್ತೆ ಬಿಚ್ಚಿ ಮಡಚಿದಳು.

ಮಾಂತೋನಿಯಾ: ಅರವತ್ತನಾಲ್ಕು ಹಣ್ಣು. ಪಂದ್ಯ ಕಟ್ಟಿ ತಿಂದ. ಗೆದ್ದ ಕೂಡ.

ಆಮೇಲೆ ಎಲ್ಲ ಹೇಳಿದಳು. ಗಂಡ ಇಂಥ ಸಾವು ಸತ್ತನೆಂದು ಹೇಳಿಕೊಳ್ಳಲು ಅವಳ ಅಜ್ಜಿಗೆ ನಾಚಿಕೆಯಾಯಿತಂತೆ. ಅದೇ ವಾರ ಬಾಂತಿನೆ ಊರ ಸಮೀಪ ಸುಳಿದಾಡಿದ ಸುದ್ದಿಯಿತ್ತು. ಅವನ ತಲೆಗೆ ಕಟ್ಟಿಬಿಟ್ಟಳು. ಬಾಂತಿನೆಗೂ ಸುದ್ದಿ ಮುಟ್ಟಿತು, ಆದರೆ ಅವನು ಅಲ್ಲ ಎನ್ನಲಿಲ್ಲ. ಏಳಕ್ಕಿಂತ ಎಂಟು ಅವನಿಗೂ ಚೆನ್ನಾಗಿ ಕಂಡಿರಬೇಕು. ಸಾಯುವ ಮುಂಚೆ ಅಜ್ಜಿ ಇದನ್ನೆಲ್ಲ ಮೊಮ್ಮಗಳ ಕಿವಿಯಲ್ಲಿ ಹೇಳಿ ಹೋದಳು.

ಬೊಬೊರೆ: ಯಾವಾಗ ಹೇಳಿದ್ಲು?

ಮಾಂತೋನಿಯಾ: ನನಗೆ ಹದಿನೇಳು ತುಂಬಿದ ವರ್ಷ.

ಬೊಬೊರೆ ಬೆರಳು ಮಡಿಸಿ ಲೆಕ್ಕ ಹಾಕತೊಡಗಿದ. ನನಗೆ ಅವನಿಗಿಂತ ಮುಂಚೆ ಲೆಕ್ಕ ಸಿಕ್ಕಿತು, ಸಿಗದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಪಾಪ, ಅವನ ಮುಖ ಸಣ್ಣಗಾಗಿಬಿಟ್ಟಿತು.

ಬೊಬೊರೆ: ನಾನು ಕೇಳಿದಾಗ ನಿನಗೆ ಹತ್ತೊಂಬತ್ತು.

ಮಾಂತೋನಿಯಾ: ಹೂಂ.

ಬೊಬೊರೆ: ಅಂದ್ರೆ ಆಗಲೇ ಗೊತ್ತಿತ್ತು.

ಮಾಂತೋನಿಯಾ: ಗೊತ್ತಿತ್ತು. ರಕ್ತ ಇದೆ ಅಂತ ಹೇಳು ಅಂತ ಅಪ್ಪನಿಗೆ ನಾನೇ ಬಾಗಿಲ ಹಿಂದಿನಿಂದ ಹೇಳಿಕೊಟ್ಟೆ.

ಬೊಬೊರೆ: ಯಾಕೆ?

ಮಾಂತೋನಿಯಾ: ಇನ್ನೇನು ಹೇಳಲಿ? ಹುಡುಗ ನನಗೆ ಬೇಡ ಅಂದಿದ್ರೆ ನಿಮ್ಮ ಮನೆಗೆ ಅವಮಾನ. ಸಂಜೆ ಒಳಗೆ ನಿಜವಾಗಲೂ ಗುಂಡು ಹಾರ್ತಿತ್ತು. ನಿಮ್ಮಜ್ಜ ನಮ್ಮಜ್ಜನ್ನ ಕೊಂದಿದ್ದಾನೆ ಅಂದ್ರೆ ಯಾರಿಗೂ ಬೇಜಾರಿಲ್ಲ. ನಿಮ್ಮ ಮಾವ ಟೋಪಿ ತೆಗೆದು ನಮಸ್ಕಾರ ಮಾಡಿ ಹೋದ.

ನಮ್ಮೂರಿನ ಮಟ್ಟಿಗೆ ಅವಳ ಮಾತಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಬೊಬೊರೆ ಮಾತ್ರ ಕುರ್ಚಿಯಲ್ಲಿ ಕುಸಿದು ಕೂತ. ತಾನೇನು ಕುಂಟನೇ, ಕುರುಡನೇ, ನೂರಿಪ್ಪತ್ತು ಕುರಿ ಇದ್ದವನು, ತನ್ನಲ್ಲಿ ಏನು ಕಮ್ಮಿಯಾಗಿತ್ತು ಎಂದು ನೆಲದ ಕಡೆ ನೋಡಿಕೊಂಡು ಕೇಳಿದ.

ಮಾಂತೋನಿಯಾ: ನಿಮ್ಮ ಮಾವ ಬಂದು ಕೂತು, ಒಂದು ಬಿಳಿ ಕುರಿಮರಿ ತಪ್ಪಿಸಿಕೊಂಡಿದೆ, ನಿಮ್ಮ ಕೊಟ್ಟಿಗೆಗೆ ಬಂತಾ ಅಂದ. ಸರಿ, ಹೆಣ್ಣು ಕೇಳೋ ಪದ್ಧತಿನೇ ಅದು. ನಮ್ಮಪ್ಪನೂ ಪದ್ಧತಿ ಪ್ರಕಾರ, ಎಂಥ ಮರಿ ಅಂದ. ಮುಗೀತು. ಇಬ್ಬರೂ ಕುರುಬರು. ಕಿವಿ ಗುರುತು, ಉಣ್ಣೆ, ಗೊರಸು, ಕೆಚ್ಚಲು, ಆ ವರ್ಷದ ಹುಲ್ಲು, ಎರಡು ಗಂಟೆ ಹೊತ್ತು. ನೀನು ಮೂಲೇಲಿ ಕೂತು ಎಲ್ಲದಕ್ಕೂ ಹೂಂ ಅಂತ ತಲೆ ಆಡಿಸ್ತಿದ್ದೆ. ಒಂದೇ ಒಂದು ಸಲ ಬಾಯಿ ಬಿಟ್ಟೆ. ಗೊರಸು ಕೊಳೆಯೋ ರೋಗಕ್ಕೆ ಔಷಧಿ ಹೇಳಿದೆ. ನಾನು ಬಾಗಿಲ ಹಿಂದೆ ಹೊಸ ಲಂಗ ಹಾಕ್ಕೊಂಡು ನಿಂತೇ ಇದ್ದೆ.

ಹೊರಗೆ ಚಿತ್ರಗಾರ ಡಬ್ಬಗಳ ಮುಚ್ಚಳ ಹಾಕುವ ಸದ್ದು ಕೇಳಿಸಿತು. ನಾನು ಎದ್ದು, ಹೆಸರು ಬೇಡವೆಂದು ತೀರ್ಮಾನವಾಯಿತು ಎಂದು ಕಿಟಕಿಯಿಂದ ಹೇಳಲು ಹೋದೆ. ಬೊಬೊರೆ ನನ್ನ ತೋಳು ಹಿಡಿದ.

ಬೊಬೊರೆ: ಯಾರು ಹೇಳಿದ್ದು ಬೇಡ ಅಂತ? ಬರೆಯೋಕೆ ಹೇಳು. ಪ್ರೆದು ಸಾನ್ನಾ. ನಮ್ಮಜ್ಜನೇ ಕೊಂದದ್ದು.

ನಾನು: ಏನ್ರೀ ಇದು? ಬೆಳಿಗ್ಗೆಯಿಂದ ಕೊಂದಿಲ್ಲ ಅಂತಿದ್ದೋರು ನೀವೇ ಅಲ್ವಾ?

ಬೊಬೊರೆ: ಬೆಳಿಗ್ಗೆ ನನಗೇನು ಗೊತ್ತಿತ್ತು? ಐವತ್ತೆರಡು ವರ್ಷ ಇವಳು ಸಿಗದೇ ಹೋದದ್ದನ್ನ ಅಜ್ಜನ ಮೇಲೆ ಹಾಕಿ ಬದುಕಿದೀನಿ ಕಣಯ್ಯಾ. ಅವನು ಕೊಂದಿಲ್ಲ ಅಂತಾದ್ರೆ ಎಲ್ಲ ನನ್ನ ತಲೆ ಮೇಲೆ ಬರುತ್ತೆ. ಬರೆಸು. ಬೇಕಾದ್ರೆ ಪಕ್ಕದಲ್ಲಿ ಎರಡು ಗುಂಡು ಅಂತಲೂ ಬರೆಸು.

ಮಾಂತೋನಿಯಾ: ಬರೆಸಬೇಡ.

ಬೊಬೊರೆ: ನಿನಗೇನೀಗ? ನಿನ್ನ ಬೆಂಚು ಉಳೀತಲ್ಲ.

ಮಾಂತೋನಿಯಾ: ಬೆಂಚು ಗಟ್ಟಿ, ಸೊಂಟ ನೋಯುತ್ತೆ. ಗೊನಾರಿಯೊ, ಆ ಹೆಸರು ಬೇಡ ಅಂದೆ.

ಬೊಬೊರೆ: ಸತ್ತಿದ್ದು ಗುಂಡಿಗೆ ಕಣೇ. ಹೊಟ್ಟೆಗೆ. ಪುಸ್ತಕದಲ್ಲೇ ಬರೆದಿದೆ.

ಮಾಂತೋನಿಯಾ: ಅಂಗೀಲಿ ತೂತಿಲ್ಲ.

ಬೊಬೊರೆ: ಸೆಕೆ ಇತ್ತು.

ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ಎರಡೂಮುಕ್ಕಾಲಾಗಿತ್ತು. ಚಿತ್ರಗಾರ ಬಾಗಿಲಲ್ಲಿ ನಿಂತು, ತಾನು ಇಷ್ಟು ಊರುಗಳ ಗೋಡೆ ಕಂಡಿದ್ದೇನೆ, ಇಂಥ ಜಗಳ ಕಂಡಿಲ್ಲ ಎಂದು ಹೇಳಿ, ಎಂಟನೆಯ ಸಾಲಿನ ಜಾಗವನ್ನು ಬಿಳಿಯಾಗಿಯೇ ಬಿಟ್ಟು ಬಸ್ಸಿನ ಕಡೆ ಓಡಿದ. ಬೊಬೊರೆ ಟೋಪಿ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಬಾಗಿಲ ತನಕ ಹೋದ.

ಮಾಂತೋನಿಯಾ: ಬೊಬೊರೆ, ನಿಲ್ಲು. ಹತ್ತೊಂಬತ್ತರಲ್ಲಿ ನೀನು ನನಗೆ ಬೇಡವಾಗಿದ್ದೆ. ಅದು ನಿಜ. ಎಪ್ಪತ್ತೊಂದರಲ್ಲಿ ಯಾರೂ ಬಂದು ಕೇಳಿಲ್ಲ.

ಅವನು ಹೊಸ್ತಿಲ ಮೇಲೆ ನಿಂತ. ಟೋಪಿ ತೆಗೆದು ತಿರುಗಿದ.

ಬೊಬೊರೆ: ಮಾವ ಸತ್ತು ಮೂವತ್ತು ವರ್ಷ ಆಯ್ತು. ಯಾರನ್ನ ಕಳಿಸಲಿ?

ಮಾಂತೋನಿಯಾ: ನೀನೇ ಬಾ. ಭಾನುವಾರ ಬಾ. ಆದ್ರೆ ಕುರಿ ಸುದ್ದಿ ಎತ್ತಿದೆಯೋ, ಗೋಡೆ ಮೇಲೆ ಎಂಟನೇ ಜಾಗ ಖಾಲಿ ಇದೆ, ನೆನಪಿರಲಿ.