ಅಪೂರ್ಣ, ಕಾರಣ: ಮದುವೆ

ಎಂಬತ್ತೊಂದರ ಆ ಬೇಸಿಗೆಯಲ್ಲಿ, ಜಗಳೂರಿನ ಶೇಂಗಾ ಮಿಲ್ಲಿನ ಸಣ್ಣತಿಮ್ಮಪ್ಪನವರು ತಮ್ಮ ಹಳೇ ಗೋದಾಮಿನಲ್ಲಿ ಶಿಶುವಿಹಾರ ತೆರೆಯುತ್ತಾರೆ, ಅದಕ್ಕೊಬ್ಬರು ಟೀಚರು ಬೇಕಂತೆ ಎಂಬ ಸುದ್ದಿ ಕಿವಿಗೆ ಬಿದ್ದಂದಿನಿಂದ ಸಾವಂತ್ರಮ್ಮನ ಸಾರಿಗೆ ಉಪ್ಪು ಒಂದೋ ಎರಡೆರಡು ಸಲ ಬೀಳುತ್ತಿತ್ತು, ಇಲ್ಲವೋ ಬೀಳುತ್ತಲೇ ಇರಲಿಲ್ಲ. ಒಗ್ಗರಣೆಯ ಹೊಗೆಯಾಚೆ ಅವಳಿಗೆ ಒಂದು ಕುರ್ಚಿ, ಕಿಟಕಿಯಿಂದ ಓರೆಯಾಗಿ ಬೀಳುವ ಬಿಸಿಲು, ಆ ಬಿಸಿಲಲ್ಲಿ ತೇಲುವ ಸೀಮೆಸುಣ್ಣದ ಧೂಳು ಕಾಣುತ್ತಿದ್ದವು.

ಅರ್ಜಿ ಬರೆಯಲು ಕೂತಾಗ 'ವಿದ್ಯಾಭ್ಯಾಸ' ಎಂಬಲ್ಲಿ ಪೆನ್ನು ನಿಂತಿತು. ದಾವಣಗೆರೆಯ ಕಾಲೇಜಿನಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದಾಗಲೇ ಅವಳ ಮದುವೆಯಾಗಿತ್ತು. ಚರಿತ್ರೆಯ ಪಾಠದಲ್ಲಿ ಯಾವುದೋ ರಾಜನ ದಂಡು ಆಗಷ್ಟೇ ನದಿಯ ದಡಕ್ಕೆ ಬಂದಿತ್ತು. (ಪಾಪ, ಇಂದಿಗೂ ಅಲ್ಲೇ ಅವಳಿಗಾಗಿ ಕಾಯುತ್ತಿರಬೇಕು.)

ಬರೀ 'ಬಿ.ಎ.' ಅಂತ ಬರೆದು ಸುಮ್ಮನಿರು, ಅರ್ಧ ಓದಿದ್ದು ಮುಖದ ಮೇಲೆ ಕಾಣಾಕಿಲ್ಲ ಎಂದು ಅತ್ತೆ ಗಾದ್ರಮ್ಮ ಅಭಯವಿತ್ತರು. ಸುಳ್ಳಿಗೆ ಸಾವಂತ್ರಮ್ಮನ ಕೈ ಏಳಲಿಲ್ಲ. 'ಬಿ.ಎ. ಎರಡನೆಯ ವರ್ಷ, ಅಪೂರ್ಣ. ಕಾರಣ: ಮದುವೆ' ಎಂದು ದುಂಡಗೆ ಬರೆದಳು.

ಸೈಕಲ್ ಅಂಗಡಿಯಿಂದ ಊಟಕ್ಕೆ ಬಂದ ಗಂಡ ಓಬಳಪ್ಪ ಅದನ್ನೋದಿ ಎತ್ತಿದ ತುತ್ತು ಕೆಳಗಿಟ್ಟ.

"ಕಾರಣ ಮದುವೆ ಅಂತ ಬರ್ದೀಯಲ್ಲ, ನಾನೇನು ಬಸ್ ಆಕ್ಸಿಡೆಂಟಾ? ಟೈಫಾಯ್ಡ್ ಅಂತ ಬರಿ."

"ಟೈಫಾಯ್ಡ್ ಆಗಿದ್ರೆ ತಿಂಗಳೊಪ್ಪತ್ತಿಗೆ ಬಿಡ್ತಿತ್ತು ರೀ."

ಆದರೂ ಮರುದಿನ ಅವನೇ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಗೋದಾಮಿಗೆ ಕರೆದೊಯ್ದ.

ಸಣ್ಣತಿಮ್ಮಪ್ಪನವರು 'ಅಪೂರ್ಣ'ದ ಮೇಲೆ ಬೆರಳಿಟ್ಟು ಕಿಟಕಿಯಾಚೆ ನೋಡಿದರು. ಗಾರೆಯವನು ಸೊಂಟದೆತ್ತರ ಕಟ್ಟಿ ಕೈಬಿಟ್ಟು ಹೋದ ಕಾಂಪೌಂಡು ಅಲ್ಲಿ ನಿಂತಿತ್ತು. ಮುಂದೆ ಓದಿ ಮುಗಿಸುವ ಆಸೆ ಉಂಟೇನಮ್ಮ ಎಂದು ಕೇಳಿದರು. ಸಾವಂತ್ರಮ್ಮನ ಕಣ್ಣ ಮುಂದೆ ಆ ನದಿ ಹರಿಯಿತು.

"ಐತೆ ಸಾರ್. ಅವಕಾಶ ಸಿಕ್ಕಿದ್ರೆ ನಾಳೇನೇ ಹೋಗ್ತೀನಿ."

"ನಾಳೆ ಹೋಗೋರು ನಮಗೆ ಬ್ಯಾಡಮ್ಮ" ಎಂದ ಅವರು, ಬಾಗಿಲಲ್ಲಿ ಸೈಕಲ್ ಹಿಡಿದು ನಿಂತಿದ್ದ ಓಬಳಪ್ಪನತ್ತ ತಿರುಗಿ, ನೀನೆಷ್ಟು ಓದಿದ್ದೀಯಪ್ಪ ಎಂದರು.

"ಎಸ್ಸೆಸ್ಸೆಲ್ಸಿ ಪಾಸು ಸಾರ್. ಮುಂದೆ ಓದೋ ಆಸೆ ಕನಸಿನಾಗೂ ಇಲ್ಲ."

ಸಣ್ಣತಿಮ್ಮಪ್ಪನವರ ಮುಖ ಅರಳಿತು. ಕೆಲಸ ಅವನದಾಯಿತು; ಬೆಳಗ್ಗೆ ಶಾಲೆ, ಮಧ್ಯಾಹ್ನದ ಮೇಲೆ ಅಂಗಡಿ.

ಅಂದಿನಿಂದ ಮುಸ್ಸಂಜೆಗಳಲ್ಲಿ ಸಾವಂತ್ರಮ್ಮ ರೊಟ್ಟಿ ಬಡಿಯುತ್ತಾ ಮರುದಿನದ ಪಾಠ ಹೇಳಿಕೊಟ್ಟಳು. ಓಬಳಪ್ಪ ಒಲೆಯ ಮುಂದೆ ಕೈಕಟ್ಟಿ ಕೂತು ಒಪ್ಪಿಸಿದ. ಕಥೆ, ಹಾಡು, ಬಣ್ಣದ ಕಾಗದದ ಗಿಳಿ ಎಲ್ಲವೂ ಅವಳ ಕೈಯಿಂದಲೇ ಹಾರಿ ಹೋದವು.

ವಾರ್ಷಿಕೋತ್ಸವದ ದಿನ ಮಕ್ಕಳ ಜಾಣತನಕ್ಕೆ ಊರೇ ಬೆರಗಾಯಿತು. ಸಣ್ಣತಿಮ್ಮಪ್ಪನವರು ಓಬಳಪ್ಪನಿಗೆ ಹಾರ ಹಾಕಿ, ಹೆಂಗಸರ ಸಾಲಿನಲ್ಲಿ ಕೂತಿದ್ದ ಸಾವಂತ್ರಮ್ಮನ ಬಳಿ ಬಂದು ಮರುಕದಿಂದ ಹೇಳಿದರು:

"ನಿಮ್ಮ ಕಾಲೇಜಿನಾಗೆ ಇಂಥ ಮೇಷ್ಟ್ರು ಒಬ್ರು ಇದ್ದಿದ್ರೆ, ನಿನ್ನ ಬಿ.ಎ. ಹಿಂಗೆ ಅರ್ಧಕ್ಕೆ ನಿಲ್ತಿರಲಿಲ್ಲ ನೋಡಮ್ಮ."