ಎಡಗಾಲು ಮುಂದಿಟ್ಟ ಸ್ಟೋರಣ್ಣ

ಪ್ಲಾಸ್ಟರಿನ ಕೆಲಸದಲ್ಲಿ ಇರುವವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಒಂದು ಎಡವಟ್ಟನ್ನು ತೊಳೆದು ಕೈ ಒರೆಸಿಕೊಳ್ಳುವಷ್ಟರಲ್ಲಿ ಇನ್ನೊಂದು ಒಣಗಿ ಎದ್ದು ನಿಂತಿರುತ್ತದೆ.

ನಮ್ಮ ವರ್ಕ್‌ಶಾಪ್ ಇರುವುದು ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ. ವಿಲ್ಲಾಗಳಿಗೆ ಕಂಬ, ಹೋಟೆಲುಗಳಿಗೆ ಕಾರಂಜಿ, ಮದುವೆ ಹಾಲುಗಳಿಗೆ ಆಳೆತ್ತರದ ಅರಬೀ ಕಾಫಿ ಹೂಜಿ, ಇವೇ ನಮ್ಮ ಸರಕು. ಅಚ್ಚಿನ ಮೇಸ್ತ್ರಿ ಉಳ್ಳಾಲದ ಬ್ಯಾರಿ. ಕೈ ಚಿನ್ನದಂಥದ್ದು, ಆದರೆ ಹೇಳಿದ್ದನ್ನು ಹೇಳಿದ ಹಾಗೆ ಮಾಡಿಬಿಟ್ಟರೆ ತನ್ನ ಮರ್ಯಾದೆಗೆ ಕಡಿಮೆ ಎಂದು ನಂಬಿದವರು. ಸ್ಟೋರ್‌ಕೀಪರ್ ಮುಲ್ಕಿ ಕಡೆಯವರು, ನಮಗೆಲ್ಲ ಸ್ಟೋರಣ್ಣ. ನಾನು ಸೂಪರ್‌ವೈಸರ್, ಅಂದರೆ ಬೈಗುಳವನ್ನು ಇಂಗ್ಲಿಷಿನಲ್ಲಿ ತೆಗೆದುಕೊಂಡು ಕನ್ನಡದಲ್ಲಿ ಹಂಚುವವನು.

ಕಳೆದ ವರ್ಷ ಕೆಲಸ ತೀರಾ ಇಳಿದಿತ್ತು. ಶೆಡ್ಡನ್ನು ಟಯರ್ ಗೋಡೌನಿಗೆ ಬಾಡಿಗೆಗೆ ಕೊಡುತ್ತೇನೆ ಎಂದು ಮುದೀರ್, ಅಂದರೆ ನಮ್ಮ ಕತಾರಿ ಯಜಮಾನರು, ಹೇಳಿಯಾಗಿತ್ತು. ಅಷ್ಟರಲ್ಲಿ ಒಂದು ಶಾಲೆಯಿಂದ ಆರ್ಡರ್ ಬಂತು. ಗ್ರೀಸಿನ ಹಳೆಯ ಶಿಲ್ಪಗಳು ಕಾಲದಿಂದ ಕಾಲಕ್ಕೆ ಹೇಗೆ ಬೆಳೆದವು ಎಂದು ಮಕ್ಕಳಿಗೆ ತೋರಿಸಲು ಕಾರಿಡಾರಿನಲ್ಲಿ ಐದು ಪ್ರತಿಮೆಗಳ ಸಾಲು ಬೇಕಂತೆ. ಮಾಡಿಕೊಟ್ಟದ್ದನ್ನು ಅವರು ಒಪ್ಪಿದರೆ ವರ್ಕ್‌ಶಾಪ್ ಉಳಿಯುತ್ತದೆ, ಇಲ್ಲವಾದರೆ ಖಲಾಸ್. ಸ್ಟೋರಣ್ಣನ ರೆಸಿಡೆನ್ಸಿ ಐಡಿ ಮುಗಿಯುವುದಕ್ಕೂ ಇದಕ್ಕೂ ಸರಿಹೋಯಿತು. ಶಾಲೆಯವರು ಹೌದು ಎನ್ನಲಿ, ಆಮೇಲೆ ರಿನ್ಯೂ ಮಾಡೋಣ ಎಂದರು ಮುದೀರ್. ಸ್ಟೋರಣ್ಣನ ಸಂಸಾರ ಅಲ್ ವಕ್ರಾದ ಫ್ಲ್ಯಾಟಿನಲ್ಲಿ, ಮಗಳು ಹತ್ತನೇ ಕ್ಲಾಸು. ಐಡಿ ಹೋದರೆ ಹುಡುಗಿಯನ್ನು ಪರೀಕ್ಷೆಗೆ ಮುಂಚೆಯೇ ಶಾಲೆ ಬಿಡಿಸಿಕೊಂಡು ಊರಿಗೆ ಹೋಗಬೇಕು. ಹಾಗಾಗಿ ಆ ಐದು ಗ್ರೀಕರ ಮೇಲೆ ನಮಗೆ ನಮ್ಮ ಸ್ವಂತ ನೆಂಟರ ಮೇಲೂ ಇರದ ಕಾಳಜಿ ಹುಟ್ಟಿತು.

ಮೊದಲನೆಯವನ ಲುಂಗಿ

ಶಾಲೆಯ ಕಲಾ ಇತಿಹಾಸದ ಮೇಡಂ ಸ್ವತಃ ಗ್ರೀಸಿನವರು. ಫೋಟೋ ಹಿಡಿದುಕೊಂಡು ಬಂದು ಎಲ್ಲ ಹೇಳಿಕೊಟ್ಟರು. ಮೊದಲನೆಯದು ಎಲ್ಲಕ್ಕಿಂತ ಹಳೆಯ ಕಾಲದ್ದು, ಆರ್ಕೇಯಿಕ್ ಎನ್ನುತ್ತಾರೆ. ಒಬ್ಬ ತರುಣ ಕಂಬದ ಹಾಗೆ ನೆಟ್ಟಗೆ ನಿಂತಿದ್ದಾನೆ. ಕೈಗಳೆರಡೂ ತೊಡೆಗೆ ಅಂಟಿವೆ, ಮುಷ್ಟಿ ಬಿಗಿದಿದೆ, ಎಡಗಾಲು ಸ್ವಲ್ಪ ಮುಂದಿದೆ, ಮುಖದಲ್ಲೊಂದು ಸಣ್ಣ ನಗು. ಯಾಕೆ ನಗುತ್ತಿದ್ದಾನೆ ಎಂದು ಸ್ಟೋರಣ್ಣ ಕೇಳಿದರು. ಖುಷಿಗಲ್ಲ, ಕಲ್ಲಾದರೂ ಜೀವ ಇದೆ ಎಂದು ತೋರಿಸಲಿಕ್ಕೆ ಹಾಗೆ ಕೆತ್ತುತ್ತಿದ್ದರು ಎಂದು ಹಲವರು ಹೇಳುತ್ತಾರೆ ಎಂದರು ಮೇಡಂ.

ಅಸಲಿನಲ್ಲಿ ಆತನ ಮೈಮೇಲೆ ನೂಲಿನೆಳೆಯೂ ಇಲ್ಲ. ಶಾಲೆಯಲ್ಲಿ ಅದು ನಡೆಯುವ ಮಾತಲ್ಲ. ಸೊಂಟದಿಂದ ಕೆಳಗೆ ಒಂದು ಬಟ್ಟೆ ಮಾಡಿ ಎಂದು ಮೇಡಂ ಅರೆಮನಸ್ಸಿನಿಂದ ಹೇಳಿ ಹೋದರು. ಎಂಥ ಬಟ್ಟೆ ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ವಾರ ಕಳೆದು ಮೇಡಂ ಬಂದಾಗ ತರುಣ ಲುಂಗಿ ಉಟ್ಟಿದ್ದ. ಬರೀ ಉಟ್ಟದ್ದಲ್ಲ, ಮಂಗಳೂರಿನ ಮೀನು ಮಾರ್ಕೆಟಿಗೆ ಹೊರಟವರ ಹಾಗೆ ಮಂಡಿಯ ಮೇಲಕ್ಕೆ ಮಡಚಿ ಕಟ್ಟಿದ್ದ. ಮಡಿಕೆ ಮಡಿಕೆಯೂ ಅಚ್ಚುಕಟ್ಟು, ಸೊಂಟದಲ್ಲಿ ಗಂಟಿನ ಉಬ್ಬು ಸಮೇತ. ಮೇಡಂ ಸುತ್ತಲೂ ಒಂದು ಬಾರಿ ನಡೆದು, ಇದು ಯಾವ ದ್ವೀಪದ ಉಡುಪು ಎಂದು ಕೇಳಿದರು.

ಮೇಸ್ತ್ರಿಗೆ ತಮ್ಮ ತಪ್ಪೇ ಕಾಣಲಿಲ್ಲ. "ಮಡಚದಿದ್ರೆ ಅವ ಕಾಲು ಮುಂದೆ ಇಡುದು ಹೇಗೆ? ಎಡವಿ ಬೀಳ್ತಾನೆ. ಹೇಳಿ ಮೇಡಂಗೆ."

ಹೇಳಿದೆ. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎರಡೂವರೆ ಸಾವಿರ ವರ್ಷದಿಂದ ಈತ ಕಾಲು ಮುಂದಿಟ್ಟುಕೊಂಡೇ ಇದ್ದಾನೆ, ಇನ್ನೂ ಒಂದು ಹೆಜ್ಜೆ ನಡೆದಿಲ್ಲ, ಬೀಳುವ ಭಯ ಬೇಡ, ಬಟ್ಟೆ ಕೆಳಗೆ ಬಿಡಿ ಎಂದರು.

ಬಸ್ಸು ಕಾಯುವ ಭಂಗಿ

ಎರಡನೆಯದು ಸ್ವಲ್ಪ ಈಚಿನದು, ಬರೀ ತಲೆ. ಅದರಲ್ಲಿ ನಗು ಮಾಯ, ತುಟಿ ಬಿಗಿ. ಆ ಹೊತ್ತಿಗೆ ದೊಡ್ಡ ಯುದ್ಧಗಳಾಗಿ ಜನ ಗಂಭೀರವಾಗಿದ್ದರು ಎಂದು ಮೇಡಂ ವಿವರಿಸಿದರು. ಸ್ಟೋರಣ್ಣ ಆ ಮುಖವನ್ನು ತುಂಬ ಹೊತ್ತು ನೋಡಿ, "ಯುದ್ಧ ಅಲ್ಲ ಮಾರಾಯ್ರೆ, ಇವನ ಐಡಿ ಮುಗ್ದಿರ್ಬೇಕು" ಎಂದರು. ನಾವು ನಕ್ಕೆವು, ಅವರು ನಗಲಿಲ್ಲ.

ತೊಂದರೆ ಕೊಟ್ಟದ್ದು ಮೂರನೆಯದು, ಕ್ಲಾಸಿಕಲ್ ಕಾಲದ್ದು. ಇದರಲ್ಲಿ ಮನುಷ್ಯ ಒಂದೇ ಕಾಲಿನ ಮೇಲೆ ಭಾರ ಬಿಟ್ಟಿರುತ್ತಾನೆ, ಇನ್ನೊಂದು ಮಂಡಿ ಸಡಿಲ, ಸೊಂಟ ಒಂದು ಕಡೆಗೆ, ಹೆಗಲು ಇನ್ನೊಂದು ಕಡೆಗೆ. ಫೋಟೋ ನೋಡಿ ಆಗುವುದಿಲ್ಲ, ಎದುರಿಗೆ ಆಳು ನಿಲ್ಲಬೇಕು ಎಂದು ಮೇಸ್ತ್ರಿ ಹಟ ಹಿಡಿದರು. ಎತ್ತರಕ್ಕೆ ಸರಿಹೊಂದುವವರು ಸ್ಟೋರಣ್ಣ ಒಬ್ಬರೇ. ನಿಲ್ಲಿಸಿದೆವು. ಅವರೋ ಮುದೀರ್ ಎದುರಿಗೆ ನಿಂತು ಅಭ್ಯಾಸವಾದವರು, ಕೈ ತೊಡೆಗೆ ಅಂಟಿಸಿ ಮೊದಲನೆಯ ಪ್ರತಿಮೆಯೇ ಆಗಿಬಿಟ್ಟರು. ಸಡಿಲ ಬಿಡಿ ಎಂದಷ್ಟೂ ಬಿಗಿಯಾದರು. ಮೇಡಂ ಹೇಳಿದರು, ನಾನು ಹೇಳಿದೆ, ಮೇಸ್ತ್ರಿ ಬ್ಯಾರಿ ಭಾಷೆಯಲ್ಲೇ ಹೇಳಿದರು, ಏನೂ ಸಾಗಲಿಲ್ಲ.

ಆಗ ನನಗೊಂದು ನೆನಪಾಯಿತು. ನಮ್ಮಲ್ಲಿಗೆ ಬರುವ ಮುಂಚೆ ಸ್ಟೋರಣ್ಣ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಕೆಲಸಕ್ಕೆ ಇದ್ದವರು, ಅಲ್ ಖೋರಿನಲ್ಲಿ ವಾಸ, ದಿನಾ ಬೆಳಿಗ್ಗೆ ಕಂಪನಿ ಬಸ್ಸು. ಅಣ್ಣ, ಅಲ್ ಖೋರಿನಲ್ಲಿ ಬಸ್ಸು ಕಾಯುತ್ತಿದ್ದಿರಲ್ಲ, ಹಾಗೆ ನಿಲ್ಲಿ ಎಂದೆ. ಹೇಳಿ ಮುಗಿಯಲಿಲ್ಲ, ಭಾರವೆಲ್ಲ ಬಲಗಾಲಿಗೆ ಬಂತು, ಎಡಮಂಡಿ ಸಡಿಲವಾಯಿತು, ಸೊಂಟ ಜಾರಿತು, ತಲೆ ರಸ್ತೆಯ ಕಡೆಗೆ ತಿರುಗಿತು. ಹಾಗೇ ಇರಿ ಎಂದು ಮೇಡಂ ಕೈ ತೋರಿಸಿದರು.

ನೆಟ್ಟಗೆ ನಿಲ್ಲುವಲ್ಲಿಂದ ಹೀಗೆ ನಿಲ್ಲುವುದನ್ನು ಕಲಿಯಲಿಕ್ಕೆ ನಮ್ಮ ಶಿಲ್ಪಿಗಳಿಗೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು ಎಂದರು ಅವರು. ನಾನು ಅದನ್ನು ಕನ್ನಡಕ್ಕೆ ಮಾಡಿ ಹೇಳಿದೆ. "ಪಾಪ," ಎಂದರು ಸ್ಟೋರಣ್ಣ, "ಅವರ ಬಸ್ಸು ಸರಿಯಾದ ಟೈಮಿಗೆ ಬರ್ತಿತ್ತು ಕಾಣ್ತದೆ."

ಕೈಯಲ್ಲಿ ಏನಿತ್ತು?

ನಾಲ್ಕನೆಯದು ಒಬ್ಬ ಹೆಂಗಸು. ಮೈತುಂಬ ಗಾಳಿಗೆ ಹಾರುವ ಸೀರೆಯಂಥ ಬಟ್ಟೆ, ಆದರೆ ಕೈಗಳಿಲ್ಲ. ಅಸಲಿ ಪ್ರತಿಮೆಯ ಕೈಗಳು ಯಾವ ಕಾಲದಲ್ಲೋ ಮುರಿದು ಹೋಗಿವೆ, ಪ್ರಪಂಚ ಅದನ್ನು ಹಾಗೇ ಮೆಚ್ಚಿಕೊಂಡಿದೆ. ಈ ಸಂಗತಿ ನನಗೆ ಗೊತ್ತಿತ್ತು. ಮೇಸ್ತ್ರಿಗೂ ಗೊತ್ತಿದೆ ಎಂದುಕೊಂಡು ನಾನು ಶುಕ್ರವಾರದ ರಜೆ ಮಾಡಿದೆ.

ಶನಿವಾರ ಬಂದು ನೋಡಿದರೆ ಹೆಂಗಸಿಗೆ ಎರಡೂ ಕೈ ಬಂದಿವೆ. ಬಲಗೈಯಲ್ಲಿ ಅರಬೀ ಕಾಫಿ ಹೂಜಿ, ಎಡಗೈಯಲ್ಲಿ ಪುಟ್ಟ ಕಪ್ಪು. ಸ್ಯಾಂಪಲ್ಲಿಗೆಂದು ಮಾಡಿದ ಚಿಕ್ಕ ಅಚ್ಚುಗಳು ಹೇಗೂ ನಮ್ಮಲ್ಲೇ ಬಿದ್ದಿದ್ದವಲ್ಲ. ಇಷ್ಟು ಚೆಂದದ ಹೆಂಗಸನ್ನು ಕೈಯಿಲ್ಲದೆ ಶಾಲೆಗೆ ಕಳಿಸಿದರೆ ಡ್ಯಾಮೇಜ್ ಮಾಲು ಎಂದು ವಾಪಸು ಕಳಿಸುವುದಿಲ್ಲವೇ, ಮುದೀರ್ ಶೆಡ್ಡು ಮುಚ್ಚುವುದಿಲ್ಲವೇ, ಸ್ಟೋರಣ್ಣನ ಮಗಳ ಗತಿ ಏನು ಎಂದು ಮೇಸ್ತ್ರಿ ನನ್ನನ್ನೇ ತರಾಟೆಗೆ ತೆಗೆದುಕೊಂಡರು. ರಜೆಯ ದಿನ, ಯಾರೂ ಹೇಳದೆ, ಗೆಳೆಯನ ಮಗಳಿಗಾಗಿ ಮಾಡಿದ ಕೈಗಳು ಅವು.

ಅಷ್ಟರಲ್ಲಿ ಮೇಡಂ ಒಳಗೆ ಬಂದರು. ನಾನು ಗೋಡೆಯ ಕಡೆ ತಿರುಗಿಕೊಂಡೆ. ಅವರು ಹೂಜಿ ನೋಡಿದರು, ಕಪ್ಪು ನೋಡಿದರು, ಕುರ್ಚಿ ಎಳೆದುಕೊಂಡು ಕೂತರು. ಕೊನೆಗೆ ಮೆಲ್ಲಗೆ ಹೇಳಿದರು: "ಈ ಕೈಗಳಲ್ಲಿ ಏನಿತ್ತು ಅಂತ ನಮ್ಮ ವಿದ್ವಾಂಸರು ಇವತ್ತಿಗೂ ಜಗಳ ಆಡ್ತಿದ್ದಾರೆ. ಕಾಫಿ ಅಂತ ಇಷ್ಟರವರೆಗೆ ಯಾರಿಗೂ ಹೊಳೆದಿರಲಿಲ್ಲ."

ಕೈಗಳನ್ನು ಕತ್ತರಿಸುವಾಗ ಮೇಸ್ತ್ರಿ ಹೊರಗೆ ಹೋಗಿ ನಿಂತರು. ಆ ಹೂಜಿ ಹಿಡಿದ ಕೈ ಈಗ ಮೇಡಂ ಮೇಜಿನ ಮೇಲಿದೆ. ಕೇಳಿ ತೆಗೆದುಕೊಂಡು ಹೋದರು.

ಬೇಕಾದ ಮುಖ

ಕೊನೆಯದು ಹೆಲೆನಿಸ್ಟಿಕ್ ಕಾಲದ ಒಬ್ಬ ಮುದಿ ಮೀನುಗಾರ. ಆ ಹೊತ್ತಿಗೆ ಗ್ರೀಕರಿಗೆ ಚೆಂದದ ತರುಣರು ಸಾಕಾಗಿ ನೋವು, ಸುಕ್ಕು, ಮುಪ್ಪು ಎಲ್ಲ ಕೆತ್ತಲು ಶುರು ಮಾಡಿದ್ದರಂತೆ. ಸ್ಟೋರಣ್ಣನನ್ನೇ ಕೂರಿಸಿ ದುಃಖದ ಮುಖ ಮಾಡಿ ಎಂದೆವು. ಅವರು ಹಲ್ಲು ನೋವಿನ ಮುಖ ಮಾಡಿದರು. ಮೇಸ್ತ್ರಿ ಮಾಡಿದ ಮೊದಲ ಮೂರ್ತಿ ನೋಡಿ, ಇವನಿಗೆ ದುಃಖವಿಲ್ಲ, ಹೊಟ್ಟೆ ತುಂಬ ಊಟ ಮಾಡಿದ್ದಾನೆ ಎಂದು ಮೇಡಂ ವಾಪಸು ಕೊಟ್ಟರು. ಎರಡನೆಯದೂ ಹಾಗೇ ಬಂತು.

ಆ ಮಧ್ಯಾಹ್ನ ಮುದೀರ್ ಬಾಗಿಲಲ್ಲಿ ನಿಂತು, ಟಯರಿನವರು ನಾಳೆ ಶೆಡ್ಡು ನೋಡಲು ಬರುತ್ತಾರೆ ಎಂದು ಹೇಳಿ ಒಳ ಆಫೀಸಿಗೆ ಹೋದರು. ಸ್ಟೋರಣ್ಣ ಬಕೆಟ್ಟಿನ ಮೇಲೆ ಕೂತು, "ಮಗಳಿಗೆ ಹೇಗೆ ಹೇಳುದು ಮಾರಾಯ್ರೆ" ಎಂದರು. ಸಮಾಧಾನ ಹೇಳೋಣವೆಂದು ತಿರುಗಿದರೆ ಮೇಸ್ತ್ರಿ ಕೈ ತುಂಬ ಜೇಡಿಮಣ್ಣು ಹಿಡಿದು ಓಡಿ ಬರುತ್ತಿದ್ದಾರೆ, ಕಣ್ಣಿಂದ ನೀರು ಇಳಿಯುತ್ತಿದೆ.

"ಅಲುಗಬೇಡಿ ಅಣ್ಣ. ಇದೇ ಮುಖ. ಅಳುದಾದ್ರೆ ಸ್ವಲ್ಪ ಈಚೆ ತಿರುಗಿ ಅಳಿ."

ಅಳುತ್ತಲೇ ಒಬ್ಬರು ಕೂತರು, ಅಳುತ್ತಲೇ ಇನ್ನೊಬ್ಬರು ಮಾಡಿದರು. ಸಂಜೆ ಮೇಡಂ ಬಂದು ಆ ಮುಖ ನೋಡಿ, ಇವನೇ ನಮಗೆ ಬೇಕಾದವನು ಎಂದರು. ಆಮೇಲೆ ನನ್ನಿಂದ ಎಲ್ಲ ಕೇಳಿ ತಿಳಿದುಕೊಂಡು ನೇರ ಮುದೀರ್ ಆಫೀಸಿಗೆ ಹೋದರು. ಒಳಗೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಮುದೀರ್ ಹೊರಗೆ ಬಂದು ಮೀನುಗಾರನ ಮುಖ ನೋಡಿದರು, ಪಕ್ಕದಲ್ಲಿದ್ದ ಸ್ಟೋರಣ್ಣನ ಮುಖ ನೋಡಿದರು. ಟಯರು ಮಾಫಿ, ಟಯರಿನವರು ಬೇಡ, ಯಲ್ಲಾ, ಬೇಗ ಪ್ಯಾಕಿಂಗ್ ಮಾಡಿ ಎಂದರು. ಇಂಥದ್ದು ಒಂದು ಮುಖ ನೋಡುವುದೇ ಕಷ್ಟ, ಇವ ಎರಡೆರಡು ಇಟ್ಟುಕೊಂಡು ಕೂತಿದ್ದಾನೆ ಎಂದು ಅರಬಿಯಲ್ಲಿ ಗೊಣಗಿಕೊಂಡೇ ಹೋದರು.

ಎಲ್ಲಕ್ಕಿಂತ ಹಳೆಯದು

ಶಾಲೆಯಲ್ಲಿ ಉದ್ಘಾಟನೆ. ಐವರೂ ಸಾಲಾಗಿ ನಿಂತಿದ್ದರು. ನನಗೆ ಆ ಸಾಲು ನೋಡಿ ಕೈ ಮುಗಿಯಬೇಕೆನಿಸಿತು. ಬೈಯಬೇಕಾದಲ್ಲೆಲ್ಲ ನಕ್ಕ ಮೇಡಂಗೆ, ಕೊನೆಗೂ ಕರಗಿದ ಮುದೀರಿಗೆ, ಬೇಡವಾದ ಕೈಗಳನ್ನು ಅಷ್ಟು ಪ್ರೀತಿಯಿಂದ ಮಾಡಿದ ಮೇಸ್ತ್ರಿಗೆ. ನಾವು ಊರು ಬಿಟ್ಟು ಬಂದವರು, ನಮ್ಮನ್ನು ಉಳಿಸಿದ್ದು ಇನ್ಯಾರದೋ ಊರಿನ ಕಲ್ಲಿನ ಮನುಷ್ಯರು.

ಮೊದಲನೆಯವನ ಪಕ್ಕ ಲೈಟಿನ ವಯರು ನೆಲದ ಮೇಲೆ ಹಾದುಹೋಗಿತ್ತು. ಮಕ್ಕಳು ಎಡವಬಾರದು, ವಯರಿನ ಮೇಲೆ ಕಾಲಿಟ್ಟು ನಿಲ್ಲು, ಕಾರ್ಯಕ್ರಮ ಮುಗಿಯುವವರೆಗೆ ಅಲುಗಬೇಡ ಎಂದು ಮುದೀರ್ ಸ್ಟೋರಣ್ಣನಿಗೆ ಹೇಳಿದ್ದರು. ಮುದೀರ್ ಹೇಳಿದ ಮೇಲೆ ಮುಗಿಯಿತು. ಅವರು ಎಡಗಾಲನ್ನು ಮುಂದಕ್ಕೆ ವಯರಿನ ಮೇಲಿಟ್ಟು, ಕೈಗಳನ್ನು ತೊಡೆಗೆ ಅಂಟಿಸಿ, ಮುಷ್ಟಿ ಬಿಗಿದು ನಿಂತರು. ಹಿಂದಿನ ದಿನ ಬಂದ ಹೊಸ ಐಡಿ ಜೇಬಿನಲ್ಲಿತ್ತು, ಹಾಗಾಗಿ ಮುಖದ ಮೇಲಿನ ಸಣ್ಣ ನಗು ಎಷ್ಟು ಹೊತ್ತಾದರೂ ಇಳಿಯಲಿಲ್ಲ.

ಒಬ್ಬಳು ಪುಟ್ಟ ಹುಡುಗಿ ಮೊದಲನೆಯ ಪ್ರತಿಮೆ ನೋಡಿದಳು, ಪಕ್ಕದ ಸ್ಟೋರಣ್ಣನನ್ನು ನೋಡಿದಳು, ಮುಷ್ಟಿಯನ್ನು ಬೆರಳಿನಿಂದ ಮೆಲ್ಲಗೆ ಚುಚ್ಚಿದಳು. ಸ್ಟೋರಣ್ಣ ಅಲುಗಲಿಲ್ಲ. ಮಿಸ್, ಇದೂ ಗ್ರೀಸಿನದಾ ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು.

ಮೇಡಂ ಮುಖದ ಗಾಂಭೀರ್ಯ ಒಂದಿಷ್ಟೂ ಕೆಡದೆ ಹೇಳಿದರು: "ಹೌದು ಮಗು, ಇದು ಎಲ್ಲಕ್ಕಿಂತ ಹಳೆಯದು. ಕಾಲು ನೋಡು, ಕೈ ನೋಡು, ಆ ನಗು ನೋಡು."

ಸ್ಟೋರಣ್ಣ ವಯರಿನ ಮೇಲಿಂದ ಕಾಲು ತೆಗೆಯದೆ, ನಗುವನ್ನೂ ಕೆಡಿಸದೆ, ತುಟಿ ಮಾತ್ರ ಅಲುಗಿಸಿದರು.

"ಹಳೇದಲ್ಲ ಮೇಡಂ. ನಿನ್ನೆಯಷ್ಟೇ ರಿನ್ಯೂ ಆದದ್ದು."