ವೈಟ್‌ಫೀಲ್ಡಿನಿಂದ ಪೀಣ್ಯಕ್ಕೊಂದು ಸುರಂಗ

ಸ್ವಿಚ್ಚಿನ ಕೆಲಸ ಮಾಡುತ್ತೇನೆ ಎಂದು ಹೇಳಿಕೊಳ್ಳುವವನಿಗೆ ಈ ಊರಿನಲ್ಲಿ ಮರ್ಯಾದೆ ಸ್ವಲ್ಪ ಕಡಿಮೆಯೇ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಾತಿಗೆ ಹಾಗಂದದ್ದೇ ತಡ, ಎದುರುಮನೆಯವರು ಒಂದು ಭಾನುವಾರ ಗೀಸರಿನ ಸ್ವಿಚ್ ಕಿಡಿ ಹಾರಿಸುತ್ತಿದೆ ಎಂದು ನನ್ನನ್ನು ಕರೆದುಕೊಂಡು ಹೋದರು. ನನ್ನದು ಆ ಸ್ವಿಚ್ಚಲ್ಲ, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಡಬ್ಬ, ಅದರಲ್ಲಿ ಒತ್ತುವ ಗುಂಡಿಯೇ ಇರುವುದಿಲ್ಲ ಎಂದು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, "ಅಂದ್ರೆ ಇದು ಬರಲ್ವಾ ನಿಮಗೆ?" ಎಂದರು. ಬರುವುದಿಲ್ಲವೆಂದು ಒಪ್ಪಿಕೊಂಡು ಮನೆಗೆ ಬಂದರೆ ನನ್ನ ಹೆಂಡತಿ, "ಏನು ಬರುತ್ತೆ ಅನ್ನೋದನ್ನಾದ್ರೂ ಅವರಿಗೆ ಬಿಡಿಸಿ ಹೇಳಬೇಕಿತ್ತು" ಎಂದಳು. ಬರುವುದು ಏನು ಎಂದು ನನಗೇ ಅನುಮಾನ ಹುಟ್ಟಿದ ಒಂದು ದಿನದ ಕಥೆ ಇದು.

ನಮ್ಮ ಕಂಪನಿಯ ಆಫೀಸು ವೈಟ್‌ಫೀಲ್ಡಿನಲ್ಲಿ, ಗೇರ್ ತಯಾರಿಸುವ ಕಾರ್ಖಾನೆ ಪೀಣ್ಯದಲ್ಲಿ. ಈ ಎರಡರ ನಡುವೆ ಆಗಿನ್ನೂ ಮೆಟ್ರೋ ಇರಲಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದೆಂದರೆ ಮನೆಯಲ್ಲಿ ಹೇಳಿ ಹೊರಡುವಷ್ಟು ದೊಡ್ಡ ಪ್ರಯಾಣ. ಅದೇ ಕಾಲಕ್ಕೆ ಇಂಟರ್‌ನೆಟ್ಟಿನಲ್ಲಿ ಹಳೆಯ ನಮೂನೆಯ ವಿಳಾಸಗಳು ಮುಗಿಯುತ್ತ ಬಂದಿದ್ದವು. ಹಳೆಯದಕ್ಕೆ ನಾವು ವಿ ಫೋರ್ ಎನ್ನುತ್ತೇವೆ, ಹೊಸದಕ್ಕೆ ವಿ ಸಿಕ್ಸ್. ನಡುವಿನ ಐದು ಏನಾಯಿತು ಎಂದು ನನ್ನ ಅತ್ತೆ ಕೇಳಿದ್ದರು. ಪ್ರಯೋಗದಲ್ಲೇ ಉಳಿದುಹೋಯಿತು ಎಂದಾಗ, ಸಂಬಂಧ ಕೂಡಿಬರದ ಹುಡುಗನ ಸುದ್ದಿ ಕೇಳಿದವರಂತೆ ಲೊಚಗುಟ್ಟಿದರು.

ವಿದೇಶದ ಗಿರಾಕಿಗಳು ವಿ ಸಿಕ್ಸ್ ಬೇಕೇಬೇಕೆಂದರು. ವೈಟ್‌ಫೀಲ್ಡಿನ ಸ್ವಿಚ್ಚಿಗೆ ಅದು ಗೊತ್ತಿತ್ತು, ಪೀಣ್ಯದ ಸ್ವಿಚ್ಚಿಗೂ ಗೊತ್ತಿತ್ತು, ನಡುವಿನ ದಾರಿಗೆ ಮಾತ್ರ ಹಳೆಯದೊಂದೇ ಗೊತ್ತು. ಇಂಥ ಕಡೆ ಹೊಸ ವಿಳಾಸ ಹೊತ್ತ ಮಾಹಿತಿಯ ಲಕೋಟೆಯನ್ನು ಹಳೆಯ ವಿಳಾಸದ ಲಕೋಟೆಯೊಳಗೆ ತುರುಕಿ ಕಳಿಸಿ, ಆ ಕಡೆ ಬಿಚ್ಚಿಕೊಳ್ಳುವ ಉಪಾಯವೊಂದಿದೆ. ಅದಕ್ಕೆ ಟನಲ್ ಎನ್ನುತ್ತಾರೆ, ಸುರಂಗ. ಗಿರಾಕಿಗಳು ಮಧ್ಯಾಹ್ನ ಊಟ ಮುಗಿಸಿಕೊಂಡು ಬಂದು, ಪೀಣ್ಯದ ಯಂತ್ರಗಳನ್ನು ಈ ಸುರಂಗದ ಮೂಲಕ ವೈಟ್‌ಫೀಲ್ಡಿನ ಪರದೆಯ ಮೇಲೆ ನೋಡುವವರಿದ್ದರು.

ಬೆಳಿಗ್ಗೆ ಕೂತು, ಇಲ್ಲಿಂದಲೇ ಎರಡೂ ಕಡೆಯ ಸ್ವಿಚ್ಚುಗಳಿಗೆ ಆದೇಶ ಬರೆದೆ. ಸುರಂಗದಲ್ಲಿ ಬರುವ ಲಕೋಟೆಗಳನ್ನು ಒಳಗೆ ಬಿಡು ಎಂದು ಪೀಣ್ಯದ ಸ್ವಿಚ್ಚಿಗೆ ಕೊನೆಯದಾಗಿ ಒಂದು ಸಾಲು ಸೇರಿಸಿದೆ. ಸುರಂಗ ತೆರೆದುಕೊಂಡಿತು. ನಾನು ಕುರ್ಚಿಯಿಂದ ಎದ್ದು ನಮ್ಮ ಮ್ಯಾನೇಜರ್ ಸುಧಾಕರ್ ಅವರ ಮೇಜಿಗೇ ಹೋಗಿ, "ಸಾರ್, ಟನಲ್ ಅಪ್" ಎಂದೆ. ಅವರು ನನ್ನ ಬೆನ್ನು ತಟ್ಟಿದರು. ಅವರ ಕೈ ಇನ್ನೂ ನನ್ನ ಬೆನ್ನ ಮೇಲಿರುವಾಗಲೇ ಫೋನ್ ಬಂತು.

ಪೀಣ್ಯ ಕಾರ್ಖಾನೆಯ ಉಸ್ತುವಾರಿ ವೀರಭದ್ರಪ್ಪನವರದು. ಹಾವೇರಿ ಕಡೆಯವರು, ಹಣೆಯ ತುಂಬ ವಿಭೂತಿ, ಎಂಥ ಹೊತ್ತಿನಲ್ಲೂ ದನಿ ಏರಿಸಿದವರಲ್ಲ. "ಸರ, ಭಟ್ಟಿ ಪರದೆ ಕಪ್ಪ ಆಗೇತ್ರಿ" ಎಂದರು.

ಗೇರುಗಳನ್ನು ಕಾಯಿಸಿ ಗಟ್ಟಿ ಮಾಡುವ ಭಟ್ಟಿಯದು. ಅದರ ಕಾವಿನ ಲೆಕ್ಕ ಮೊದಲು ವೈಟ್‌ಫೀಲ್ಡಿನ ಸರ್ವರಿಗೆ ಬಂದು, ಇಲ್ಲಿಂದ ತಿರುಗಿ ಪೀಣ್ಯದ ಪರದೆಗೇ ಹೋಗುತ್ತಿತ್ತು. ಯಾಕೆ ಹಾಗೆ ಎಂದು ಕೇಳಬೇಡಿ, ಅದನ್ನು ಮಾಡಿಸಿದವರು ಕೆಲಸ ಬಿಟ್ಟು ಹೋಗಿದ್ದಾರೆ. ನನಗೆ ತಕ್ಷಣ ಹೊಳೆಯಿತು. ಸ್ವಿಚ್ಚಿಗೆ ಒಬ್ಬರನ್ನು ಒಳಗೆ ಬಿಡು ಎಂದು ಬರೆದು ಸುಮ್ಮನಾದರೆ, ಮಿಕ್ಕವರನ್ನೆಲ್ಲ ಹೊರಗಿಡು ಎಂದೇ ಅದಕ್ಕೆ ಅರ್ಥ. ಸುರಂಗವೊಂದನ್ನು ಬಿಟ್ಟು ಉಳಿದ ಎಲ್ಲರಿಗೂ ಅದು ಬಾಗಿಲು ಹಾಕಿಕೊಂಡಿತ್ತು. ಆ ಉಳಿದವರಲ್ಲಿ ನಾನೂ ಒಬ್ಬ, ಇಲ್ಲಿಂದ ತಿದ್ದುವ ಹಾಗೂ ಇರಲಿಲ್ಲ.

"ಭಟ್ಟಿಯೊಳಗ ತುಂಬಾ ಮಾಲ್ ಐತ್ರಿ. ಮೈಮ್ಯಾಲಿನ ಹಳೇ ಮೀಟರ್ ನೋಡಾಕ ಒಬ್ಬನ್ನ ನಿಲ್ಸೀನಿ, ಆದರ ಅದನ್ನ ನಂಬಾಂಗಿಲ್ಲ. ಕಾವು ಹೆಚ್ಚಾತಂದ್ರ ಎಲ್ಲಾ ಗುಜರಿಗೇ ಹೋಗೂದು. ಸ್ವಲ್ಪ ಹೊತ್ತು ನೋಡಿ ಆರಿಸಿಬಿಡ್ತೀನ್ರಿ" ಎಂದರು.

ಭಟ್ಟಿ ಆರಿಸಿದರೆ ಗಿರಾಕಿಗಳಿಗೆ ತೋರಿಸಲು ತಣ್ಣಗಿನ ಇಟ್ಟಿಗೆ ಗೂಡೊಂದೇ ಉಳಿಯುತ್ತದೆ. ನಾನು ಹೊರಟು ಪೀಣ್ಯ ಮುಟ್ಟುವಷ್ಟರಲ್ಲಿ ಅವರು ನೋಡಿಕೊಂಡು ಊರಿಗೇ ಹೊರಟಿರುತ್ತಾರೆ. ಉಳಿದದ್ದು ಒಂದೇ ದಾರಿ. ಬರೆದದ್ದನ್ನು ಸೇವ್ ಮಾಡಿರದಿದ್ದರೆ, ಕರೆಂಟು ತೆಗೆದು ಮತ್ತೆ ಕೊಟ್ಟಾಗ ಸ್ವಿಚ್ಚು ಎಲ್ಲ ಮರೆತು ಮೊದಲಿನಂತಾಗುತ್ತದೆ. ಸೇವ್ ಮಾಡಿದ್ದರೆ, ಎದ್ದ ಮೇಲೂ ಬಾಗಿಲು ಹಾಕಿಕೊಂಡೇ ಕೂರುತ್ತದೆ. ನಾನು ಸೇವ್ ಮಾಡಿದ್ದೆನೇ? ಎಷ್ಟು ನೆನಪಿಸಿಕೊಂಡರೂ ಬೆನ್ನು ತಟ್ಟಿಸಿಕೊಂಡದ್ದು ಬಿಟ್ಟು ಬೇರೇನೂ ನೆನಪಾಗಲಿಲ್ಲ.

"ಸಾರ್, ಸ್ಟೋರ್ ರೂಮಲ್ಲಿ ಗೋಡೆ ಮೇಲೆ ಒಂದು ಡಬ್ಬ ಇದೆ, ದೀಪ ಮಿಣಮಿಣ ಅಂತಿರುತ್ತೆ. ಅದರ ಪ್ಲಗ್ ತೆಗೀಬೇಕು" ಎಂದೆ.

"ಇಲ್ಲಿ ಮೂರು ಡಬ್ಬಿ ಅದಾವ್ರಿ. ಮೂರೂ ಮಿಣಮಿಣ ಅಂತಾವು."

"ಜಾಸ್ತಿ ವೈರ್ ಇರೋದು."

ಕುರ್ಚಿ ಎಳೆದ ಸದ್ದು, ಅವರು ಏದುಸಿರು ಬಿಡುತ್ತ ಹತ್ತಿದ ಸದ್ದು ಕೇಳಿಸಿತು. "ತಗದೆ" ಎಂದರು. ಸ್ವಲ್ಪ ತಡೆದು, "ಹಾಕಿದೆ" ಎಂದರು.

ಈ ಡಬ್ಬಗಳು ಎದ್ದೇಳಲು ತೆಗೆದುಕೊಳ್ಳುವ ಸಮಯದಲ್ಲಿ ಮನುಷ್ಯ ತನ್ನ ಮುಂದಿನ ಉದ್ಯೋಗದ ಬಗ್ಗೆ ವಿವರವಾಗಿ ಯೋಚಿಸಬಹುದು. ಸುಧಾಕರ್ ನನ್ನ ಹಿಂದೆ ನಿಂತು ಪೆನ್ನಿನ ಗುಂಡಿ ಒತ್ತುತ್ತಿದ್ದರು. ಫೋನಿನಲ್ಲಿ ದೂರದಿಂದ ಯಾರೋ ಮೀಟರಿನ ಅಂಕಿ ಕೂಗುವುದು ಕೇಳುತ್ತಿತ್ತು. ಪ್ರತಿ ಸಲವೂ ಅಂಕಿ ಏರುತ್ತಿತ್ತು. "ಇನ್ನ ಆರಿಸೂದ ಚೊಲೊ ಅನಸ್ತೈತ್ರಿ" ಎಂದರು ವೀರಭದ್ರಪ್ಪ. ಒಂದು ನಿಮಿಷ ಸಾರ್, ಎಂದು ಬೇಡಿಕೊಂಡೆ.

ಆಮೇಲೆ ಆ ಕಡೆ ಗದ್ದಲವಾಯಿತು. "ಬಂತ್ರಿ ಪರದೆ. ಕಾವು ಸ್ವಲ್ಪ ಮ್ಯಾಲೈತಿ, ಇಳಸ್ತೀವಿ. ಮಾಲ್ ಉಳೀತ್ರಿ." ಹೊಗಳಿಸಿಕೊಳ್ಳುವ ಅವಸರದಲ್ಲಿ ನಾನು ಸೇವ್ ಮಾಡುವುದನ್ನೇ ಮರೆತಿದ್ದೆ. ಸುಧಾಕರ್ ಪೆನ್ನು ಜೇಬಿಗಿಟ್ಟು, "ಗುಡ್. ಈಗ ಟನಲ್ ಮತ್ತೆ ಹಾಕು, ಗೆಸ್ಟ್ಸ್ ಊಟಕ್ಕೆ ಕೂತಿದಾರಂತೆ" ಎಂದರು.

"ಮತ್ತೆ ಪರದೆ ಹೋದ್ರೆ?" ಎಂದೆ. ಫೋನಿನಲ್ಲೇ ಇದ್ದ ವೀರಭದ್ರಪ್ಪ, "ನೀವು ಧೈರ್ಯದಿಂದ ಬರೀರಿ ಸರ. ನಾ ಇಲ್ಲೇ ಕುರ್ಚಿ ಮ್ಯಾಲೆ ಪ್ಲಗ್ ಹಿಡಕೊಂಡು ನಿಂದರ್ತೀನಿ. ಪರದೆ ಹೋತಂದ್ರ ಎಳದುಬಿಡ್ತೀನಿ" ಎಂದರು. ಹಾಗೇ ಬರೆದೆ, ಈ ಸಲ ಮಿಕ್ಕವರನ್ನೂ ಒಳಗೆ ಬಿಡು ಎಂಬ ಸಾಲನ್ನು ಸೇರಿಸಿ. ಸುರಂಗ ತೆರೆಯಿತು, ಭಟ್ಟಿಯ ಪರದೆಯೂ ಉಳಿಯಿತು. ಗಿರಾಕಿಗಳು ಬಂದರು, ಪೀಣ್ಯದ ಭಟ್ಟಿ ಕೆಂಪಗೆ ಉರಿಯುವುದನ್ನು ತುಸು ಹೊತ್ತು ನೋಡಿದರು, ತಲೆಯಾಡಿಸಿದರು, ಬೆಳ್ಳಂದೂರಿನ ಟ್ರಾಫಿಕ್ಕಿನ ಬಗ್ಗೆ ಬಹಳ ಹೊತ್ತು ಮಾತಾಡಿ ಹೋದರು. ಎಲ್ಲರೂ ಕೈ ಕುಲುಕಿದರು. ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತ, ಸುರಂಗ ಕೊರೆದ ಬಗೆಯನ್ನು ನಾನು ನಾಲ್ಕು ಜನರಿಗೆ ವಿವರಿಸುತ್ತಿದ್ದೆ. ಆಗ ಫೋನ್ ಬಂತು.

"ಸರ, ವೀರಭದ್ರಪ್ಪ. ಪ್ಲಗ್ ಬಿಡ್ಲೇನ್ರಿ?"

ಕೂಡಲೇ ಬಿಡಿ ಎನ್ನುವುದು ಮನುಷ್ಯತ್ವ. ನಾನು, "ಒಂದು ನಿಮಿಷ ಸಾರ್" ಎಂದು, ಕಾಫಿ ಅಲ್ಲೇ ಇಟ್ಟು, ಮೇಲೆ ಹೋಗಿ ಪರದೆಯನ್ನು ಇನ್ನೊಂದು ಸಲ ನೋಡಿ ಬಂದ ಮೇಲೆಯೇ ಬಿಡಿ ಎಂದೆ.